ಪ್ರೀತಿಯ ಪಾಠಕ್ಕೊಂದು ರಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು, ಹಾಸ್ಟೆಲ್, ಯುವಕ ಸಂಘಗಳಲ್ಲಿ ಪ್ರಣಯದ ಪ್ರೀತಿಯ ಕುರಿತು ನಾಟಕ, ಪತ್ರ, ಪ್ರದರ್ಶನಗಳ ಮೂಲಕ ಮಾತುಕತೆ ನಡೆಸಲು ಹೊರಟಾಗ ಅಧ್ಯಾಪಕರೂ ಪೋಷಕರೂ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ನಾವು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಕೆಲವು ಉದ್ದವಾಗಿವೆ, ಆ ಪ್ರಶ್ನೆಗಳನ್ನು ಕೇಳುವವರು ಅರ್ಧ ಉತ್ತರಕ್ಕೆ ಒಪ್ಪುವವರಲ್ಲ.

ಪ್ರೀತಿ ತಾನಾಗಿ ಹುಟ್ಟುವಂಥದ್ದು. ಅದನ್ನು ಕಲಿಸಲು ಹೊರಡುವುದೇ ವಿಚಿತ್ರವಲ್ಲವೇ?

ಒಬ್ಬರ ಮೇಲೆ ಇನ್ನೊಬ್ಬರಿಗೆ ಮನಸ್ಸಾಗುವುದನ್ನು ಯಾರೂ ಕಲಿಸಲಾರರು, ಕಲಿಸುವ ಅಗತ್ಯವೂ ಇಲ್ಲ. ಆದರೆ ಮನಸ್ಸಾದ ಮೇಲೆ ಮಾಡುವುದೆಲ್ಲ ಕಲಿತದ್ದೇ: ಹೇಳಿಕೊಳ್ಳುವ ಬಗೆ, ಉತ್ತರಕ್ಕೆ ಕಾಯುವ ಬಗೆ, ಜಗಳವಾಡುವ ಬಗೆ, ಮುನಿಸು ತೀರಿಸುವ ಬಗೆ, ದೂರವಾಗುವ ಬಗೆ. ಈ ಕಲಿಕೆ ಈಗಲೂ ನಡೆದೇ ಇದೆ, ಮೇಷ್ಟ್ರು ಮಾತ್ರ ಬೇರೆ. ನಾಯಕಿ ಮೂರು ಸಲ ಬೈದರೂ ನಾಲ್ಕನೆಯ ಹಾಡಿನ ಹೊತ್ತಿಗೆ ಒಪ್ಪಿಬಿಡುತ್ತಾಳೆ ಎಂಬ ಪಾಠವನ್ನು ಹುಡುಗನೊಬ್ಬ ಹತ್ತಾರು ವರ್ಷ ಟಿವಿಯ ಮುಂದೆ ಕುಳಿತು ಕಲಿತಿರುತ್ತಾನೆ. ಬೇಡವೆಂದು ನೇರವಾಗಿ ಹೇಳಿದರೆ ಸೊಕ್ಕಿನವಳೆನಿಸಿಕೊಳ್ಳಬೇಕಾದೀತು ಎಂಬ ಪಾಠವನ್ನು ಹುಡುಗಿಯೂ ಅಷ್ಟೇ ವರ್ಷ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ಕಲಿತಿರುತ್ತಾಳೆ.

ನಮ್ಮ ಲೆಕ್ಕದಲ್ಲಿ ಈ ಶಿಬಿರಗಳ ತಿರುಳು ಒಂದೇ. 'ಬೇಡ' ಎಂದು ಹೇಳುವುದು ಒಬ್ಬರಿಗೆ ಬರಬೇಕು. ಅದನ್ನು ಕೇಳಿಸಿಕೊಂಡು ಮನೆಗೆ ಹೋಗಿ, ಊಟ ಮಾಡಿ, ಮಲಗುವುದು ಇನ್ನೊಬ್ಬರಿಗೆ ಬರಬೇಕು. ಎರಡನೆಯದು ಹೆಚ್ಚು ಕಷ್ಟ. ಹಾಗಾಗಿ ನಮ್ಮ ಸಮಯದಲ್ಲಿ ಹೆಚ್ಚಿನ ಪಾಲು ಅದಕ್ಕೇ ಹೋಗುತ್ತದೆ.

ತಜ್ಞರಿಂದ ಒಂದು ಉಪನ್ಯಾಸ ಕೊಡಿಸಿದರೆ ಸಾಲದೇ? ಇದಕ್ಕೆ ಕಲೆ ಏಕೆ ಬೇಕು?

ಈ ಪ್ರಶ್ನೆಗೆ ನಾವು ಯಾವಾಗಲೂ ಒಂದು ಕಥೆ ಹೇಳುತ್ತೇವೆ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಸ್ವತಃ ಹೇಳಿಕೊಂಡಿರುವ ಕಥೆ ಇದು. ತಮ್ಮ ದೇಶದ ಸೇನಾಡಳಿತದಿಂದ ಸೆರೆವಾಸ, ಚಿತ್ರಹಿಂಸೆಗಳನ್ನು ಅನುಭವಿಸಿ ದೇಶ ಬಿಟ್ಟಿದ್ದ ಅವರು 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡುತ್ತಿದ್ದಾಗ ಹೆಂಗಸೊಬ್ಬಳು ಬಂದು, ತನ್ನ ಕಷ್ಟವನ್ನು ನಾಟಕವಾಗಿ ಆಡಿ ತೋರಿಸಬೇಕೆಂದು ಕೇಳಿಕೊಂಡಳು. ಮನೆ ಕಟ್ಟಿಸುವ ನೆಪದಲ್ಲಿ ಅವಳ ಗಂಡ ಆಗಾಗ ಹಣ ಪಡೆದು, ರಸೀದಿಗಳೆಂದು ಕೆಲವು ಕೈಬರಹದ ಕಾಗದಗಳನ್ನು ತಂದುಕೊಡುತ್ತಿದ್ದ. ಆ ಕಾಗದಗಳಿಗೆ ಸುಗಂಧವಿತ್ತು. ಓದು ಬಾರದ ಅವಳು ಅವನ್ನೆಲ್ಲ ಜೋಪಾನವಾಗಿ ಎತ್ತಿಟ್ಟಿದ್ದಳು. ಓದು ಬಲ್ಲ ನೆರೆಯವಳಿಗೆ ತೋರಿಸಿದಾಗ ತಿಳಿಯಿತು, ಅವು ರಸೀದಿಗಳಲ್ಲ, ಗಂಡನ ಪ್ರೇಯಸಿ ಬರೆದ ಪ್ರೇಮಪತ್ರಗಳು. ಗಂಡ ಮನೆಗೆ ಬರುವ ಹೊತ್ತು ಹತ್ತಿರವಾಗಿತ್ತು. ಅವಳು ಏನು ಮಾಡಬೇಕು?

ಬೋಲ್ ತಂಡ ದೃಶ್ಯವನ್ನು ಆಡಿ, ಗಂಡ ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿ, ಪ್ರೇಕ್ಷಕರ ಸಲಹೆ ಕೇಳಿತು. ಅಳಬೇಕು ಎಂದರು, ಮನೆ ಬಿಡಬೇಕು ಎಂದರು, ಬಾಗಿಲು ತೆರೆಯಬಾರದು ಎಂದರು. ನಟಿ ಒಂದೊಂದನ್ನೂ ಆಡಿ ತೋರಿಸಿದಳು. ಪ್ರೇಕ್ಷಕರಲ್ಲಿದ್ದ ಗಟ್ಟಿಮುಟ್ಟಾದ ಒಬ್ಬ ಹೆಂಗಸಿಗೆ ಮಾತ್ರ ಯಾವುದೂ ಒಪ್ಪಿಗೆಯಾಗಲಿಲ್ಲ. ಗಂಡನ ಜೊತೆ ಚೆನ್ನಾಗಿ, ಸ್ಪಷ್ಟವಾಗಿ ಮಾತಾಡಬೇಕು, ಆಮೇಲೆ ಕ್ಷಮಿಸಬೇಕು ಎಂಬುದು ಅವಳ ಸಲಹೆ. ನಟಿ ಎಷ್ಟು ಬಗೆಯಲ್ಲಿ ಸ್ಪಷ್ಟವಾಗಿ ಮಾತಾಡಿದರೂ ಅವಳಿಗೆ ಸಮಾಧಾನವಿಲ್ಲ. ಬೇಸತ್ತ ಬೋಲ್, ನೀನೇ ಬಂದು ತೋರಿಸು ಎಂದಾಗ ಅವಳು ರಂಗಕ್ಕೇರಿ, ಪೊರಕೆ ಎತ್ತಿಕೊಂಡು, ಗಂಡನ ಪಾತ್ರದ ನಟನಿಗೆ ಸರಿಯಾಗಿ ಬಾರಿಸಿ, ಅನಂತರ ಕ್ಷಮಿಸಿ, ಮೇಜಿನ ಮುಂದೆ ಕುಳಿತು ಅಡುಗೆಮನೆಯಿಂದ ಊಟ ತರುವಂತೆ ಅವನಿಗೇ ಹೇಳಿದಳು. ಅವಳ ಬಾಯಲ್ಲಿದ್ದ 'ಸ್ಪಷ್ಟವಾಗಿ ಮಾತಾಡುವುದು' ಎಂಬುದರ ಅರ್ಥ ಅದಾಗಿತ್ತು.

ಪೊರಕೆಯ ಪರಿಹಾರವನ್ನು ನಾವು ಯಾರಿಗೂ ಹೇಳಿಕೊಡುವುದಿಲ್ಲ. ಕಥೆಯ ಬೆಲೆ ಬೇರೆಡೆ ಇದೆ. ಗೌರವ, ನಂಬಿಕೆ, ಸ್ಪಷ್ಟ ಮಾತು ಎಂಬ ಪದಗಳನ್ನು ಉಪನ್ಯಾಸದಲ್ಲಿ ಬಳಸಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಒಬ್ಬೊಬ್ಬರ ತಲೆಯೊಳಗೆ ಒಂದೊಂದು ಚಿತ್ರವಿರುತ್ತದೆ. ಎದ್ದು ಬಂದು ಆಡಿ ತೋರಿಸಿದಾಗ ಮಾತ್ರ ಆ ಚಿತ್ರ ಹೊರಬೀಳುತ್ತದೆ. 'ನಾನು ಅವಳಿಗೆ ತುಂಬಾ ಗೌರವ ಕೊಡುತ್ತೇನೆ' ಎನ್ನುವ ಹುಡುಗ ರಂಗದ ಮೇಲೆ ಅವಳ ಮೊಬೈಲ್ ಕಸಿದುಕೊಂಡು ನೋಡುವುದನ್ನು ಅವನ ಗೆಳೆಯರೂ ನೋಡುತ್ತಾರೆ, ಅವನೂ ನೋಡಿಕೊಳ್ಳುತ್ತಾನೆ.

ಫೋರಂ ರಂಗಭೂಮಿ ಎಂದರೆ ಇದೇನಾ? ಅದು ನಡೆಯುವುದು ಹೇಗೆ?

ಹೌದು, ಆ ಪೊರಕೆಯ ಘಟನೆಯಿಂದಲೇ ಅದು ಹುಟ್ಟಿತೆಂದು ಬೋಲ್ ಹೇಳುತ್ತಾರೆ. ಕೆಟ್ಟದಾಗಿ ಮುಗಿಯುವ ಹತ್ತು ನಿಮಿಷದ ನಾಟಕವೊಂದನ್ನು ಮೊದಲು ಪೂರ್ತಿ ಆಡಲಾಗುತ್ತದೆ. ಎರಡನೆಯ ಸಲ ಅದನ್ನೇ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಎಂದು ಕೂಗಿ, ಕಷ್ಟದಲ್ಲಿರುವ ಪಾತ್ರದ ಜಾಗಕ್ಕೆ ಬಂದು ಬೇರೆ ರೀತಿ ನಡೆದು ನೋಡಬಹುದು. ಉಳಿದ ನಟರು ತಮ್ಮ ಪಾತ್ರ ಬಿಟ್ಟುಕೊಡದೆ ಎದುರಿಸುತ್ತಾರೆ, ಸುಲಭವಾಗಿ ಸೋಲುವುದಿಲ್ಲ. ನಡುವೆ ನಿಂತು ಎರಡೂ ಕಡೆಯನ್ನು ಬೆಸೆಯುವವರಿಗೆ ಬೋಲ್ ಜೋಕರ್ ಎಂದು ಹೆಸರಿಟ್ಟರು. ಇಸ್ಪೀಟಿನ ಜೋಕರ್‌ನಂತೆ ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ. ಜೋಕರ್ ಉತ್ತರ ಹೇಳಬಾರದು. 'ಇದು ನಿಜವಾಗಿ ನಡೆಯಬಹುದೇ?' ಎಂದು ಸಭೆಯನ್ನು ಕೇಳುವುದು ಅವರ ಮುಖ್ಯ ಕೆಲಸ. ಭಾರತದಲ್ಲಿ ಈ ಪದ್ಧತಿಯನ್ನು ದೀರ್ಘ ಕಾಲದಿಂದ ನಡೆಸಿಕೊಂಡು ಬಂದಿರುವುದು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 1985ರಲ್ಲಿ ಆರಂಭವಾದ ಜನ ಸಂಸ್ಕೃತಿ ತಂಡ.

ಬೀದಿ ನಾಟಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬೀದಿ ನಾಟಕದಲ್ಲಿ ಉತ್ತರ ತಂಡದ ಜೇಬಿನಲ್ಲಿರುತ್ತದೆ. ಇಲ್ಲಿ ಇರುವುದಿಲ್ಲ.

ನೀವು ಆಡಿಸುವ ದೃಶ್ಯದ ಒಂದು ಉದಾಹರಣೆ ಕೊಡಬಹುದೇ?

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣ. ಸಂಜೆ ನಾಲ್ಕೂವರೆ. ಎರಡನೆಯ ವರ್ಷದ ಬಿ.ಕಾಂ. ಹುಡುಗಿ ಊರಿನ ಬಸ್ಸಿಗೆ ಕಾಯುತ್ತಿದ್ದಾಳೆ. ಹುಡುಗನೊಬ್ಬ ಬಂದು, ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೇಳುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಇಪ್ಪತ್ತು ಹೆಜ್ಜೆ ದೂರದ ಚಹಾ ಅಂಗಡಿಯ ಮುಂದೆ ಅವನ ಗೆಳೆಯರು ಮೂವರು ನಿಂತು ನೋಡುತ್ತಿದ್ದಾರೆ. ಅವನು ಅವಳ ಬ್ಯಾಗಿನ ಪಟ್ಟಿ ಹಿಡಿದು 'ಯಾಕೆ ಅಂತ ಹೇಳು' ಎನ್ನುತ್ತಾನೆ. ಬಸ್ಸು ಹೊರಟುಹೋಗುತ್ತದೆ. ನಾಟಕ ಅಷ್ಟೇ.

ಮೊದಲ ಸುತ್ತಿನಲ್ಲಿ ಪ್ರೇಕ್ಷಕರು ಹುಡುಗಿಯ ಜಾಗಕ್ಕೆ ಬರುತ್ತಾರೆ. 'ಅಣ್ಣಾ' ಎಂದು ಕರೆದು ತಪ್ಪಿಸಿಕೊಳ್ಳುವ ಉಪಾಯ ಬಂದರೆ ಸಭೆ ನಗುತ್ತದೆ. ಆಗ ಜೋಕರ್ ಕೇಳುವ ಪ್ರಶ್ನೆ: ಬೇಡವೆನ್ನಲು ಅವಳಿಗೆ ಒಂದು ಸಂಬಂಧದ ಆಸರೆ ಏಕೆ ಬೇಕಾಯಿತು, ಬರಿಯ 'ಬೇಡ' ಏಕೆ ಸಾಲಲಿಲ್ಲ? ಅಲ್ಲಿ ನಗು ನಿಂತು ಮಾತು ಶುರುವಾಗುತ್ತದೆ.

ಎರಡನೆಯ ಸುತ್ತಿನಲ್ಲಿ ನಾವು ಬೋಲ್ ಅವರ ನಿಯಮವನ್ನು ಬೇಕೆಂದೇ ಮುರಿಯುತ್ತೇವೆ. ದಬ್ಬಾಳಿಕೆ ಮಾಡುವ ಪಾತ್ರವನ್ನು ಬದಲಿಸಬಾರದು, ಬದಲಿಸಿದರೆ ಸಮಸ್ಯೆಯೇ ಮಾಯವಾಗುತ್ತದೆ ಎಂಬುದು ಅವರ ನಿಯಮ. ಬಹುತೇಕ ವಿಷಯಗಳಿಗೆ ಅದು ಸರಿಯೇ. ಆದರೆ ಪ್ರೀತಿಯ ವಿಷಯದಲ್ಲಿ ಇವತ್ತು ಬ್ಯಾಗ್ ಹಿಡಿದವನು ಕೆಟ್ಟವನಾಗಿಯೇ ಅಲ್ಲಿಗೆ ಬಂದಿರಲಿಲ್ಲ, ಐದು ನಿಮಿಷದ ಹಿಂದೆ ಅವನ ಕಾಲು ನಡುಗುತ್ತಿತ್ತು. ಆದ್ದರಿಂದ 'ಬೇಡ' ಎಂಬ ಮಾತು ಬಿದ್ದ ಕ್ಷಣದಲ್ಲಿ ದೃಶ್ಯ ನಿಲ್ಲಿಸಿ, ಹುಡುಗರು ಒಬ್ಬೊಬ್ಬರಾಗಿ ಅವನ ಜಾಗಕ್ಕೆ ಬಂದು ಚಹಾ ಅಂಗಡಿಗೆ ಮರಳಿ ನಡೆಯಲಿ ಎನ್ನುತ್ತೇವೆ. ಮಾತಿಲ್ಲ, ಬರಿಯ ನಡಿಗೆ. ಆ ಇಪ್ಪತ್ತು ಹೆಜ್ಜೆಯ ತೂಕ ಅಲ್ಲಿ ಗೊತ್ತಾಗುತ್ತದೆ. ಅವನಿಗೆ ಭಯವಿರುವುದು ಹುಡುಗಿಯ ಉತ್ತರಕ್ಕಿಂತ ಹೆಚ್ಚಾಗಿ ಗೆಳೆಯರ ಮುಖಕ್ಕೆ. ಮೂರನೆಯ ಸುತ್ತು ಗೆಳೆಯರದು: 'ಇನ್ನೊಂದ್ಸಲ ಟ್ರೈ ಮಾಡು ಮಗಾ' ಎನ್ನುವ ಜಾಗದಲ್ಲಿ ನಿಂತು ಬೇರೆ ಏನು ಹೇಳಬಹುದು? 'ಹೋಗ್ಲಿ ಬಿಡು, ಚಾ ಕುಡಿ' ಎಂಬಷ್ಟು ಸಣ್ಣ ಮಾತು ಸಾಕಾಗುವುದನ್ನು ಸಭೆ ತಾನೇ ಕಂಡುಕೊಂಡರೆ ಅದಕ್ಕಿಂತ ದೊಡ್ಡ ಪಾಠವನ್ನು ನಾವು ಹೇಳಿಕೊಡಲಾರೆವು.

ಕೊನೆಯಲ್ಲಿ ಕಾನೂನನ್ನೂ ತಿಳಿಸುತ್ತೇವೆ. ಹೆಣ್ಣು ಸ್ಪಷ್ಟವಾಗಿ ಬೇಡವೆಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು 2013ರಿಂದ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಮೊದಲ ಸಲದ ತಪ್ಪಿಗೇ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇದನ್ನು ಮೊದಲೇ ಹೇಳಿದರೆ ಹುಡುಗರು ಶಿಬಿರ ಮುಗಿಯುವವರೆಗೂ ಬಾಯಿ ಬಿಡುವುದಿಲ್ಲ.

ಇದೆಲ್ಲ ವಿದೇಶಿ ಪದ್ಧತಿ. ನಮ್ಮ ಜನರಿಗೆ ಒಗ್ಗುತ್ತದೆಯೇ?

ಪ್ರೀತಿಯ ತೊಡಕುಗಳನ್ನು ಊರಿನ ನಡುವೆ ಆಡಿ, ಬೆಳಗಿನವರೆಗೆ ಚರ್ಚಿಸುವುದು ಕನ್ನಡದ ಸಣ್ಣಾಟಗಳಿಗೆ ಹೊಸದಲ್ಲ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ'ದಲ್ಲಿ ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ, ಗೆಳೆಯ ಬಾಳ್ಯಾ ನೆರವಾಗುತ್ತಾನೆ, ಕೊನೆಗೆ ಸಂಗ್ಯಾ ಕೊಲೆಯಾಗುತ್ತಾನೆ. ತಪ್ಪು ಯಾರದು ಎಂಬ ಪ್ರಶ್ನೆಗೆ ಆಟದಲ್ಲಿ ಒಂದೇ ಉತ್ತರವಿಲ್ಲ. ಗೆಳೆತನ, ಮೋಹ, ಹಣ, ಮನೆತನದ ಮಾನ ಎಲ್ಲವೂ ಕೈ ಹಾಕಿವೆ. 'ಶ್ರೀಕೃಷ್ಣ ಪಾರಿಜಾತ'ವಂತೂ ಒಂದು ಹೂವಿನ ನೆಪದಲ್ಲಿ ಸವತಿಮತ್ಸರವನ್ನು ಇಡೀ ರಾತ್ರಿ ಬಿಡಿಸಿಟ್ಟ ಆಟ. ಉತ್ತರ ಕರ್ನಾಟಕದಲ್ಲಿ ಶಿಬಿರ ಮಾಡುವವರು ಪೆರುವಿನ ಕಥೆಯನ್ನು ಬಿಟ್ಟು ಗಂಗಿಯಿಂದಲೇ ಆರಂಭಿಸಿದರೆ ಹಾದಿ ಹತ್ತಿರವಾಗುತ್ತದೆ. ಬೆಳಗಾದ ಮೇಲೆ ಕಟ್ಟೆಯ ಮೇಲೆ ಜನ ಆಡುತ್ತಿದ್ದ ಮಾತನ್ನು ರಂಗದ ಮೇಲಕ್ಕೇ ಕರೆತರುವುದಷ್ಟೇ ಬೋಲ್ ಅವರಿಂದ ನಾವು ಪಡೆದ ಸಾಲ.

ನಾಟಕವನ್ನು ಬಿಟ್ಟು ಬೇರೆ ದಾರಿಗಳಿವೆಯೇ?

ಇವೆ. ಎರಡನ್ನು ಹೇಳುತ್ತೇವೆ. ಕ್ರೊವೇಷಿಯಾದ ಝಾಗ್ರೆಬ್ ನಗರದಲ್ಲಿ ಒಲಿಂಕಾ ವಿಷ್ಟಿಸಾ ಮತ್ತು ದ್ರಾಝೆನ್ ಗ್ರುಬಿಶಿಚ್ ಎಂಬ ಇಬ್ಬರು, ತಮ್ಮ ಪ್ರೀತಿ ಮುಗಿದಾಗ ಇಬ್ಬರಿಗೂ ಸೇರಿದ ವಸ್ತುಗಳನ್ನು ಏನು ಮಾಡುವುದೆಂಬ ಯೋಚನೆಯಿಂದ ಮುರಿದ ಸಂಬಂಧಗಳ ಪ್ರದರ್ಶನವೊಂದನ್ನು 2006ರಲ್ಲಿ ಆರಂಭಿಸಿದರು. 2010ರಲ್ಲಿ ಅದು ಶಾಶ್ವತ ವಸ್ತುಸಂಗ್ರಹಾಲಯವಾಯಿತು. ಜನ ವಸ್ತುವನ್ನೂ ಅದರ ಕಥೆಯನ್ನೂ ಹೆಸರಿಲ್ಲದೆ ಕೊಡುತ್ತಾರೆ. ಬಿಟ್ಟುಹೋದ ಸಂಗಾತಿಯ ಪೀಠೋಪಕರಣಗಳನ್ನು ಕಡಿಯಲು ಬಳಸಿದ ಕೊಡಲಿಯೂ ಅಲ್ಲಿದೆ. ಇದನ್ನು ಕಾಲೇಜಿನಲ್ಲಿ ಒಂದು ಮೇಜಿನ ಮೇಲೆ ಮಾಡಬಹುದು: ಬಸ್ ಟಿಕೆಟ್, ಒಣಗಿದ ಹೂ, ಹೆಲ್ಮೆಟ್, ಪಕ್ಕದಲ್ಲಿ ಐದು ಸಾಲಿನ ಚೀಟಿ. ಹೆಸರು, ಊರು, ಫೋಟೊ ಬೇಡ. ಪ್ರೀತಿ ಮುಗಿಯಬಹುದು, ಮುಗಿದ ಮೇಲೂ ಜನ ಬದುಕಿದ್ದಾರೆ ಎಂಬುದು ಆ ಮೇಜಿನಿಂದ ತಿಳಿದಷ್ಟು ಸುಲಭವಾಗಿ ಬುದ್ಧಿಮಾತಿನಿಂದ ತಿಳಿಯುವುದಿಲ್ಲ.

ಇನ್ನೊಂದು, ಅಮೆರಿಕದ ಕಲಾವಿದೆ ಸುಝಾನ್ ಲೇಸಿ ಈಕ್ವೆಡಾರ್‌ನ ಕೀಟೊ ನಗರದಲ್ಲಿ 2015ರಲ್ಲಿ ನಡೆಸಿದ ಕಾರ್ಯಕ್ರಮ. ಹಿಂಸೆಯ ಅನುಭವಗಳನ್ನು ಕುರಿತು ಹೆಂಗಸರು ಬರೆದ ಸಾವಿರಾರು ಪತ್ರಗಳು ಅದಕ್ಕೆ ಮೊದಲೇ ಸಂಗ್ರಹವಾಗಿದ್ದವು. ಅವುಗಳಿಂದ ಆಯ್ದ ಪತ್ರಗಳನ್ನು ಗೂಳಿಕಾಳಗದ ಅಖಾಡದಲ್ಲಿ ಗಂಡಸರು ಓದಿದರು. ಬರೆದವಳ 'ನಾನು' ಓದುವವನ ಬಾಯಲ್ಲಿ 'ನಾನು' ಎಂದೇ ಬರುತ್ತದೆ, ಈ ಏರ್ಪಾಡಿನ ಶಕ್ತಿಯೆಲ್ಲ ಆ ಒಂದು ಸರ್ವನಾಮದಲ್ಲಿದೆ. ನಮ್ಮ ಶಿಬಿರಗಳಿಗೆ ಇದನ್ನು ತರುವಾಗ ಪತ್ರಗಳು ಅದೇ ಕಾಲೇಜಿನವಾಗಿರದಂತೆ ನೋಡಿಕೊಳ್ಳುವುದು ಕಡ್ಡಾಯ. ಕೈಬರಹದ ಗುರುತು ಸಿಕ್ಕರೆ ಪಾಠ ಹೋಗಿ ಸುದ್ದಿಯಾಗುತ್ತದೆ.

ನಟನೆ ಬಾರದವರು, ಸಂಕೋಚದವರು ಏನು ಮಾಡಬೇಕು?

ಕುಳಿತು ನೋಡಬಹುದು. ಯಾರನ್ನೂ ಎಳೆದು ರಂಗಕ್ಕೆ ತರಬಾರದು. ಒಪ್ಪಿಗೆಯ ಕುರಿತ ಶಿಬಿರದಲ್ಲಿ ಒಪ್ಪಿಗೆಯಿಲ್ಲದೆ ಕೈಹಿಡಿದೆಳೆಯುವ ಉತ್ಸಾಹಿಗಳನ್ನು ನೋಡಿ ನಮಗೆ ಸಾಕಾಗಿದೆ.

ಹದಿನೆಂಟು ತುಂಬದವರಿಗೆ ನಡೆಸಬಹುದೇ?

ನಡೆಸಬಹುದು, ಆದರೆ ಹೆಚ್ಚಿನ ಎಚ್ಚರ ಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಲೈಂಗಿಕ ಸಂಪರ್ಕಕ್ಕೆ ಅವರು ಕೊಟ್ಟ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇಬ್ಬರೂ ಪರಸ್ಪರ ಇಷ್ಟಪಟ್ಟಿದ್ದರೂ ಸಹ. ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಬೇಕೆಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಮಿನಂತೆ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಇನ್ನೂ ಹೆಚ್ಚು. ಆದ್ದರಿಂದ ಪಿಯುಸಿ ಮಕ್ಕಳ ಜೊತೆ ಕುಳಿತಾಗ, 'ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ' ಎಂಬ ಪೂರ್ತಿ ಭರವಸೆಯನ್ನು ಶಿಬಿರ ನಡೆಸುವವರು ಕೊಡಕೂಡದು. ಯಾವ ಮಾತನ್ನು ಗುಟ್ಟಾಗಿಡಲು ಸಾಧ್ಯವಿಲ್ಲ ಎಂಬುದನ್ನು ಆರಂಭದಲ್ಲೇ ಸರಳವಾಗಿ ತಿಳಿಸಿದರೆ ಮಕ್ಕಳು ತಾವೇ ಅಳೆದು ಮಾತಾಡುತ್ತಾರೆ. ಆ ವಯಸ್ಸಿಗೆ ನಾವು ಸ್ವಂತ ಕಥೆಗಳನ್ನು ಕೇಳುವುದೇ ಇಲ್ಲ, ಕಟ್ಟುಕಥೆಯ ಪಾತ್ರಗಳನ್ನು ಮಾತ್ರ ಬಳಸುತ್ತೇವೆ.

ಶಿಬಿರದ ನಡುವೆ ಯಾರಾದರೂ ಅತ್ತರೆ, ತಮ್ಮ ನೋವು ಹೇಳಿಕೊಂಡರೆ?

ದೃಶ್ಯ ನಿಲ್ಲಿಸಿ, ಅವರನ್ನು ಹೊರಗೆ ಕರೆದೊಯ್ಯಲು ಒಬ್ಬರು ಮೊದಲೇ ಗೊತ್ತಾಗಿರಬೇಕು. ನಾವು ಕಲಾವಿದರು, ಮನೋವೈದ್ಯರಲ್ಲ. ಅತ್ತ ಮಾತ್ರಕ್ಕೆ ಮನಸ್ಸು ಹಗುರವಾಗುತ್ತದೆ ಎಂದು ನಂಬಿ ಇನ್ನಷ್ಟು ಕೆದಕುವುದು ಅಪಾಯ. ಮಾನಸಿಕ ಆರೋಗ್ಯದ ಸಹಾಯಕ್ಕೆ ಸರ್ಕಾರದ ಟೆಲಿ ಮಾನಸ್ 14416, ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112 ಇವೆ. ಇವನ್ನು ಗೋಡೆಯ ಮೇಲೆ ಬರೆದಿಡುವುದು ಸಾಲದು, ಶೌಚಾಲಯದ ಬಾಗಿಲ ಒಳಬದಿಯಲ್ಲಿ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳಬಹುದಾದ ಜಾಗ ಅದೊಂದೇ.

ಪೋಷಕರು, ಆಡಳಿತ ಮಂಡಳಿಯವರು ಒಪ್ಪುತ್ತಾರೆಯೇ? 'ಪ್ರೀತಿ ಮಾಡಲು ಹೇಳಿಕೊಡುತ್ತೀರಾ?' ಎಂದರೆ ಏನು ಹೇಳುವುದು?

ಈ ಆತಂಕ ಹಳೆಯದು. 2007ರಲ್ಲಿ, ಲೈಂಗಿಕ ಶಿಕ್ಷಣವೂ ಸೇರಿದ್ದ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದದ್ದು ಇದೇ ಬಗೆಯ ವಿರೋಧದಿಂದ. ನಾವು ವಾದಕ್ಕಿಳಿಯುವುದಿಲ್ಲ. ಬಸ್ ನಿಲ್ದಾಣದ ದೃಶ್ಯವನ್ನು ಪೋಷಕರ ಸಭೆಯಲ್ಲೇ ಮೊದಲು ಆಡುತ್ತೇವೆ. ಮಗಳ ತಂದೆಗೆ ಆ ದೃಶ್ಯ ಯಾವ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ. ಮಗನ ತಂದೆಗೆ ಅರ್ಥವಾಗಲು ತುಸು ಹೊತ್ತು ಬೇಕು, ಅಷ್ಟೇ.

ಜಾತಿ, ಧರ್ಮದ ಪ್ರಶ್ನೆ ಬಂದಾಗ ಏನು ಮಾಡುತ್ತೀರಿ?

ಬಂದೇ ಬರುತ್ತದೆ. ಬರಲಿಲ್ಲವೆಂದರೆ ಜನ ಅಂಜಿದ್ದಾರೆ ಎಂದರ್ಥ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬೀಗರಿಬ್ಬರಿಗೆ ಎಳೆಹೂಟೆಯ ಶಿಕ್ಷೆಯಾದ ಕಥೆ ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ಅದು ಪ್ರೇಮವಿವಾಹವೂ ಅಲ್ಲ, ಹಿರಿಯರೇ ನಿಶ್ಚಯಿಸಿದ ಸಂಬಂಧ. ಹಿರಿಯರು ಒಪ್ಪಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿಗೆ ನಾವು ಈ ವಿವರವನ್ನು ನೆನಪಿಸುತ್ತೇವೆ. ಮದುವೆಯಾಗಲು ನಿರ್ಧರಿಸಿದ ಇಬ್ಬರು ವಯಸ್ಕರಿಗೆ ಮನೆಯವರ, ಕುಲದವರ, ಸಮುದಾಯದ ಒಪ್ಪಿಗೆ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಮರ್ಯಾದೆಗೇಡು ಹತ್ಯೆಗಳ ಪ್ರಕರಣದಲ್ಲಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯೂ ಇದೆ, ಅದರ ಮೂವತ್ತು ದಿನಗಳ ಬಹಿರಂಗ ನೋಟಿಸೂ ಇದೆ; ಆ ಮೂವತ್ತು ದಿನಗಳನ್ನು ದೃಶ್ಯವಾಗಿಸಿದರೆ ಸಭೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆದರೂ ನಾವು ಯಾರಿಗೂ 'ಧೈರ್ಯ ಮಾಡಿ' ಎನ್ನುವುದಿಲ್ಲ. ಶಿಬಿರ ಮುಗಿಸಿ ನಾವು ಬಸ್ಸು ಹತ್ತುತ್ತೇವೆ, ಅವರು ಅದೇ ಊರಿನಲ್ಲಿ ಉಳಿಯುತ್ತಾರೆ.

ಸಲಿಂಗ ಪ್ರೀತಿ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಪ್ರೀತಿಯೂ ಇದರಲ್ಲಿ ಸೇರಿದೆಯೇ?

ಸೇರಿದೆ. ವಯಸ್ಕರ ನಡುವಿನ ಸಲಿಂಗ ಪ್ರೀತಿ 2018ರ ಸೆಪ್ಟೆಂಬರ್ 6ರಿಂದ ಈ ದೇಶದಲ್ಲಿ ಅಪರಾಧವಲ್ಲ. ಮದುವೆಯ ಹಕ್ಕನ್ನು ಮಾತ್ರ ಸುಪ್ರೀಂ ಕೋರ್ಟು 2023ರಲ್ಲಿ ಮಾನ್ಯ ಮಾಡಲಿಲ್ಲ. ಹೆಗ್ಗೋಡಿನ ಜನಮನದಾಟ ತಂಡ ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು 'ಬದುಕು ಬಯಲು' ಎಂಬ ನಾಟಕವಾಗಿ ತೋರಿಸಿದ್ದರಿಂದ, ಇಂಥ ಬದುಕನ್ನು ಗೇಲಿಯಾಗಿಸದೆ ರಂಗಕ್ಕೆ ತರಬಹುದೆಂಬುದಕ್ಕೆ ನಮ್ಮಲ್ಲೇ ಮಾದರಿಯಿದೆ. ಒಂದು ಎಚ್ಚರಿಕೆ: ಸಭೆಯಲ್ಲಿರುವ ಯಾರನ್ನೂ 'ನಿಮ್ಮ ಅನುಭವ ಹೇಳಿ' ಎಂದು ಬೊಟ್ಟು ಮಾಡಿ ಕೇಳಬೇಡಿ.

ಮದುವೆಯಾದವರಿಗೆ, ವಯಸ್ಸಾದವರಿಗೆ ಇದರಿಂದ ಏನು ಪ್ರಯೋಜನ?

ಕನ್ನಡದ ಅತ್ಯಂತ ಜನಪ್ರಿಯ ಪ್ರೇಮಕವಿತೆಗಳಿರುವ 1942ರ 'ಮೈಸೂರು ಮಲ್ಲಿಗೆ' ಬಹುಪಾಲು ಗಂಡಹೆಂಡಿರ ಪ್ರೀತಿಯನ್ನು ಕುರಿತದ್ದು. ಬೀಸುವ ಪದಗಳಲ್ಲಿ ಹೆಂಗಸರು ಗಂಡನನ್ನು ಹೊಗಳಿದಷ್ಟೇ ಹಂಗಿಸಿಯೂ ಇದ್ದಾರೆ. ಸ್ತ್ರೀಶಕ್ತಿ ಸಂಘಗಳಲ್ಲಿ ಇಂಥ ಪದಗಳಿಂದ ಆರಂಭಿಸಿದರೆ ದೃಶ್ಯ ಕಟ್ಟಲು ನಮ್ಮ ನೆರವೇ ಬೇಕಾಗುವುದಿಲ್ಲ. ಗಂಡಸರನ್ನು ಕರೆತರುವುದೇ ಅಲ್ಲಿ ಕಷ್ಟ.

ಫಲ ಸಿಕ್ಕಿತೆಂದು ತಿಳಿಯುವುದು ಹೇಗೆ?

ಮೆಕ್ಸಿಕೊ ಮೂಲದ ಕಲಾವಿದ ಪಾಬ್ಲೊ ಹೆಲ್ಗೆರಾ 2011ರ ತಮ್ಮ ಕೈಪಿಡಿಯಲ್ಲಿ, ಸಾಂಕೇತಿಕವಾಗಿ ಸಮಾಜವನ್ನು ತೋರಿಸುವ ಕಲೆಗೂ ಜನರ ನಡುವೆ ನಿಜವಾಗಿ ಏನನ್ನೋ ನಡೆಸುವ ಕಲೆಗೂ ವ್ಯತ್ಯಾಸ ಮಾಡುತ್ತಾರೆ. ನಮ್ಮ ಕೆಲಸ ಎರಡನೆಯದಾಗಬೇಕಿದ್ದರೆ ಚಪ್ಪಾಳೆ, ಫೋಟೊ, ಅಭಿಪ್ರಾಯ ಪುಸ್ತಕದ ಹೊಗಳಿಕೆ ಸಾಕ್ಷಿಯಾಗುವುದಿಲ್ಲ. ಕೆಲವು ತಿಂಗಳ ನಂತರ ಮತ್ತೆ ಹೋಗಿ ಅದೇ ದೃಶ್ಯವನ್ನು ಆಡಿ, ಈ ಸಲ 'ನಿಲ್ಲಿಸಿ' ಎಂಬ ಕೂಗು ಎಲ್ಲಿ ಬರುತ್ತದೆ ಎಂದು ಗಮನಿಸುತ್ತೇವೆ. ಮೊದಲ ಸಲ ಬ್ಯಾಗ್ ಹಿಡಿದಾಗ ಬಂದ ಕೂಗು ಎರಡನೆಯ ಸಲ ಗೆಳೆಯರು ಅವನನ್ನು ಮುಂದೆ ದಬ್ಬಿದಾಗಲೇ ಬಂದರೆ ಅಷ್ಟರಮಟ್ಟಿಗೆ ಏನೋ ಆಗಿದೆ. ಬಾರದಿದ್ದರೆ ಆಗಿಲ್ಲ, ವರದಿಯಲ್ಲಿ ಹಾಗೆಯೇ ಬರೆಯಬೇಕು.

ಮೊದಲ ಶಿಬಿರಕ್ಕೆ ಏನೇನು ಬೇಕು?

ಮೂವತ್ತಕ್ಕಿಂತ ಹೆಚ್ಚು ಜನ ಬೇಡ. ಎರಡು ದಿನ, ಅಥವಾ ಎನ್ಎಸ್ಎಸ್‌ನ ಏಳು ದಿನಗಳ ಶಿಬಿರದೊಳಗೆ ಮೂರು ಮಧ್ಯಾಹ್ನ. ನಡೆಸಿಕೊಡುವವರಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಇರಲೇಬೇಕು. ವೇದಿಕೆ, ಮೈಕು, ಬ್ಯಾನರ್, ಉದ್ಘಾಟನೆಯ ದೀಪ ಬೇಡ. ಕುರ್ಚಿಗಳನ್ನು ಗೋಡೆಗೆ ಸರಿಸಬಹುದಾದ ಒಂದು ಕೋಣೆ, ಜಮಖಾನ, ಕುಡಿಯುವ ನೀರು ಸಾಕು. ಮೊಬೈಲ್‌ಗಳು ಬಾಗಿಲ ಬಳಿಯ ಬುಟ್ಟಿಯಲ್ಲಿರಲಿ, ನಡೆಸುವವರದ್ದೂ ಸೇರಿ. ಪ್ರಾಂಶುಪಾಲರು ಬಂದು ಕುಳಿತು ನೋಡುತ್ತೇನೆಂದರೆ ದೃಶ್ಯದಲ್ಲಿ ಒಂದು ಪಾತ್ರ ಕೊಡುತ್ತೇವೆ, ಬಸ್ ಕಂಡಕ್ಟರ್‌ನದ್ದು. ಒಪ್ಪಿದರೆ ಇರಬಹುದು, ಇಲ್ಲವಾದರೆ ಚಹಾದ ಹೊತ್ತಿಗೆ ಬರಬಹುದು.